ಎಡಪಕ್ಕೆಯ ಗಂಟು

"ನೀವು ಸ್ವಲ್ಪ ಹೊರಗ ಹೋಗ್ರಿ," ಎಂದರು ಡಾಕ್ಟರ್ ಗಂಗಾಂಬಿಕಾ.

ಲಗಮಪ್ಪ ಕದಲಲಿಲ್ಲ. ಬನಹಟ್ಟಿಯಿಂದ ಜಮಖಂಡಿಯವರೆಗೂ ಬಸ್ಸಿನಲ್ಲಿ ಹೆಂಡತಿಯ ಕೈ ಬಿಡದೆ ಕೂತು ಬಂದವನು. ಈಗ ಹೊರಗೆ ಯಾಕೆ?

"ನಾ ಆಕಿ ಗಂಡ ಅದೀನ್ರಿ!" ಎಂದ.

ಬದುಕೆಲ್ಲ ಪವರ್‌ಲೂಮ್ ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಅವನ ಸಾದಾ ಮಾತೂ ಜಗಳದ ಹಾಗೆ ಕೇಳುತ್ತಿತ್ತು. ಬಾಗಿಲಲ್ಲಿದ್ದ ನರ್ಸು ಬೆಚ್ಚಿಬಿದ್ದಳು.

"ಅದಕ್ಕ ಹೋಗ್ರಿ ಅಂದೆ," ಎಂದರು ಡಾಕ್ಟರು, ಅವನ ಮುಖ ನೋಡದೆ.

ಹೊರಗಿನ ಬೆಂಚಿನ ಮೇಲೆ ಲಗಮಪ್ಪ ಬೆವರುತ್ತ ಕೂತ. ಹಿಂದಿನ ವಾರ ಸಾವಕ್ಕ ಬಟ್ಟೆ ಒಣಹಾಕಲು ಕೈ ಎತ್ತಿದವಳು ಹಾ ಎಂದು ನಿಂತುಬಿಟ್ಟಿದ್ದಳು. ಮುಟ್ಟಿ ನೋಡಿದರೆ ಎಡಪಕ್ಕೆಯ ಎಲುಬಿನ ಮೇಲೆ ಅಡಿಕೆಯಷ್ಟು ಗಂಟು. ಗಟ್ಟಿ. ಅತ್ತಿತ್ತ ಸರಿಯದು. "ಏನಾತ ಇದು?" ಎಂದರೆ, "ನನಗೇನ ಗೊತ್ತರೀ," ಎಂದಳು. ಆದರೆ ಅವಳ ಮುಖವೂ ಬಿಳಿಚಿತ್ತು. ಅಂದಿನಿಂದ ಒಂದು ಕೆಟ್ಟ ರೋಗದ ಹೆಸರು ಅವನ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಎಂದೂ ಅವಳ ಅಡುಗೆ ಹೊಗಳದವನು ಆ ವಾರ ಪುಂಡಿಪಲ್ಯವನ್ನೂ ಹೊಗಳಿದ್ದ. ಸಾವಕ್ಕ ಗಾಬರಿಯಾದದ್ದು ಗಂಟಿಗಿಂತ ಅದಕ್ಕೇ ಹೆಚ್ಚು.

ಪಕ್ಕದ ರಬಕವಿಯಲ್ಲೇ ತೋರಿಸೋಣ ಎಂದಿದ್ದ. ಅವಳೇ ಒಪ್ಪಲಿಲ್ಲ. "ಜಮಖಂಡ್ಯಾಗ ಒಬ್ಬಾಕಿ ಡಾಕ್ಟರ ಅದಾರ. ಅವರಿಗೇ ತೋರಸೂಣು."

ಡಾಕ್ಟರೇನೋ ಚುರುಕಿನವರು. ಎಲ್ಲಿ ನೋವು ಎಂದೂ ಕೇಳದೆ ನೇರ ಅದೇ ಎಲುಬಿಗೆ ಬೆರಳಿಟ್ಟಿದ್ದರು. ಎಕ್ಸ್‌ರೇ ನೋಡಿದ ಮೇಲೆ ಮಾತ್ರ ಮುಖ ಸಣ್ಣದಾಗಿ, ಇವನನ್ನು ಹೊರಗಟ್ಟಿದ್ದರು.

ಒಳಗಿನಿಂದ ಬಿಕ್ಕಿದಂಥ ದನಿ ಬಂತು. ಒಂದಲ್ಲ, ಎರಡು. ಲಗಮಪ್ಪ ದಡಕ್ಕನೆ ಎದ್ದ. ಪರದೆ ಸರಿಸಿ ನುಗ್ಗಿದ. ಸಾವಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಡಾಕ್ಟರ ಕಣ್ಣೂ ತೇವವಾಗಿತ್ತು.

"ಗಾಬರಿ ಆಗಬ್ಯಾಡ್ರಿ," ಎಂದರು ಡಾಕ್ಟರು. "ಎಲುಬು ಸಣ್ಣಗ ಬಿರುಕು ಬಿಟ್ಟಿತ್ತು. ಈಗ ಅದು ತಾನಾಗೇ ಕೂಡೇತಿ. ಕೂಡಿದ ಜಾಗಾ ಗಂಟಾಗೇತಿ. ಬರಬರತಾ ಕಡಿಮಿ ಆಗತೈತಿ."

ಲಗಮಪ್ಪ ಗೋಡೆಗೆ ಒರಗಿ ಉಸಿರುಬಿಟ್ಟ. ಕುಣಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ನರ್ಸು ಕೇಳಿದಳು:

"ಎಲುಬು ಸುಮ್ಮ ಸುಮ್ಮನ ಬಿರೀತಾವೇನ್ರಿ?"

ಅವಳ ನೋಟ ತನ್ನ ಕೈಗಳ ಮೇಲಿದ್ದದ್ದು ಅವನಿಗೆ ತಡವಾಗಿ ತಿಳಿಯಿತು. "ನಾ ಒಂದ ದಿವಸನೂ ಆಕಿ ಮ್ಯಾಲ ಕೈ ಎತ್ತಿಲ್ಲರೀ!" ಎಂದು ಕೂಗಿದ. ಹೊರಗೆ ಕೂತ ರೋಗಿಗಳೆಲ್ಲ ಇಣುಕಿದರು.

"ನೀವು ಹೊಡದಿಲ್ಲ ಅನ್ನೂದು ನನಗ ಪಕ್ಕಾ ಗೊತ್ತೈತಿ," ಎಂದರು ಡಾಕ್ಟರು. ಮುಖ ಕೆಂಪಾಗಿತ್ತು. ಅದು ಕುಹಕವೇ ಇರಬೇಕೆಂದು ಲಗಮಪ್ಪನಿಗೆ ಖಾತ್ರಿಯಾಯಿತು. ಆಮೇಲೆ ಅವರು ಸಾವಕ್ಕನತ್ತ ತಿರುಗಿ, "ಒಂದಿಷ್ಟು ದಿವಸ ಹೊರಗ ಕೂತು ನೋಡ್ರಿ, ಅಷ್ಟ. ಒಳಗ ಕಾಲಿಡಬ್ಯಾಡ್ರಿ," ಎಂದರು.

ಅಡುಗೆಮನೆಯ ಮಾತೆಂದುಕೊಂಡ ಲಗಮಪ್ಪ ಅಂದಿನಿಂದ ರೊಟ್ಟಿ ತಾನೇ ಬಡಿದ. ಒಂದೂ ದುಂಡಗಾಗಲಿಲ್ಲ. ಸಾವಕ್ಕ ನಗುತ್ತಲೇ ತಿಂದಳು.

ಆದರೆ ಪ್ರಶ್ನೆ ಉಳಿದೇ ಇತ್ತು. ಎಲುಬು ಬಿರಿದದ್ದು ಹೇಗೆ? ಬಸ್ಸಿನಲ್ಲಿ ಕೇಳಿದಾಗ "ಬಾಗಲಾ ಬಡದಿರಬೇಕು" ಎಂದಳು. ಮನೆಯಲ್ಲಿ ಕೇಳಿದಾಗ "ಬಚ್ಚಲದಾಗ ಜಾರಿದ್ನೇನೋ" ಎಂದಳು. ಅವಳು ಸುಳ್ಳು ಹೇಳಿದವಳೇ ಅಲ್ಲ. ಯಾರನ್ನೋ ಉಳಿಸಲು ನೋಡುತ್ತಿದ್ದಾಳೆ. ಯಾರನ್ನು?

ಪ್ರತಿ ರವಿವಾರ ಅವಳು ಹೋಗುವುದು ಜಮಖಂಡಿಯ ತಂಗಿ ನಂದಾಳ ಮನೆಗೆ. ನಂದಾಳ ಗಂಡ ದುಂಡೇಶ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು. ಲಗಮಪ್ಪನ ರಕ್ತ ಕುದಿಯಿತು.

ಮುಂದಿನ ರವಿವಾರ ಸಾವಕ್ಕ ಹೊರಟ ಮೇಲೆ ಅವಳ ಹಿಂದೆಯೇ ಬಂದ ಇನ್ನೊಂದು ಬಸ್ಸು ಹಿಡಿದ. ನಂದಾಳ ಮನೆಯ ಮುಂದೆ ಅಂಗಿಯ ತೋಳು ಮಡಚಿಕೊಂಡು, "ಲೇ ದುಂಡ್ಯಾ, ಹೊರಗ ಬಾ!" ಎಂದು ಗರ್ಜಿಸಿದ.

ದುಂಡೇಶ ಬೆಳ್ಳುಳ್ಳಿ ಸುಲಿಯುತ್ತ ಹೊರಬಂದ. "ಬರ್ರಿ ಅಣ್ಣಾರ, ಚಾ ಕುಡೀರಿ. ಅಕ್ಕತಂಗ್ಯಾರು ಮನ್ಯಾಗ ಇಲ್ಲ. ಸಾಲಿ ಮೈದಾನಕ್ಕ ಹೋಗ್ಯಾರ. ರವಿವಾರ ಅಡಗಿ ನಂದ ನೋಡ್ರಿ."

ಮಡಚಿದ ತೋಳನ್ನು ಏನು ಮಾಡಬೇಕೆಂದು ತಿಳಿಯದೆ ಲಗಮಪ್ಪ ಮೈದಾನಕ್ಕೆ ನಡೆದ.

ಅಲ್ಲಿ ಧೂಳೋ ಧೂಳು. ಕಚ್ಚೆ ಹಾಕಿದವರು, ಚೂಡಿದಾರದವರು, ನೆರೆಗೂದಲಿನವರು. ಎಲ್ಲರೂ ಹೆಂಗಸರು. "ಕಬಡ್ಡಿ ಕಬಡ್ಡಿ" ಎನ್ನುತ್ತ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಗೆರೆಯ ಹೊರಗೆ ಕೂತ ಸಾವಕ್ಕ, "ಕಾಲ ಹಿಡಿ ನಂದಾ, ಕಾಲ!" ಎಂದು ಚೀರುತ್ತಿದ್ದಳು. ಗಂಡನನ್ನು ಕಂಡು ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಸಾಲ್ಯಾಗ ಇದ್ದಾಗ ಭಾಳ ಆಡತಿದ್ನಿರಿ," ಎಂದಳು ಮೆಲ್ಲಗೆ. "ಈ ವಯಸ್ಸಿನ್ಯಾಗ ಆಡತೇನಂದ್ರ ನೀವು ನಗತೀರಿ ಅಂತ ಹೇಳಲಿಲ್ಲ."

ಲಗಮಪ್ಪ ನಗಲಿಲ್ಲ. ಹೆಂಡತಿಯ ಮುಖದ ಮೇಲೆ ಇಂಥ ಕಳೆ ಅವನು ನೋಡಿ ಎಷ್ಟೋ ಕಾಲವಾಗಿತ್ತು. ಆದರೂ ಲೆಕ್ಕ ಲೆಕ್ಕವೇ.

"ಎಲುಬು ಮುರದಾಕಿ ಯಾರು?"

"ಬೇಕಂತ ಮಾಡಿದ್ದಲ್ಲರೀ. ಹಿಡಿಯೂ ಮುಂದ ಮೊಣಕೈ ಬಡೀತು."

"ಯಾರಂತ ಕೇಳಿದೆ!"

ಸಾವಕ್ಕ ಅಂಕಣದತ್ತ ಬೆರಳು ತೋರಿಸಿದಳು. ಟ್ರ್ಯಾಕ್ ಪ್ಯಾಂಟಿನ ಹೆಂಗಸೊಬ್ಬಳು ಬೆನ್ನು ಹಾಕಿಕೊಂಡು, ನಂದಾಳ ಸೊಂಟ ಹಿಡಿದು ನೆಲಕ್ಕೆ ಕೆಡವಿ, ಬಿಡದೆ ಕೂತಿದ್ದಳು.

ಲಗಮಪ್ಪ ಗೆರೆ ದಾಟಿ ನುಗ್ಗಿದ. "ಏ ತಂಗೀ! ಇದೇನ ಹಿಡಿಯೂ ಪದ್ಧತಿ? ನಿನ್ನಿಂದ ಇಡೀ ದವಾಖಾನಿ ನನ್ನ ಕೆಕ್ಕರಿಸಿ ನೋಡಿತು, ಗೊತ್ತೈತೇನು?"

ಆ ಹೆಂಗಸು ಎದ್ದು, ಮೂಗಿನ ಮೇಲಿನ ಮಣ್ಣು ಒರೆಸಿಕೊಳ್ಳುತ್ತ ಇತ್ತ ತಿರುಗಿದಳು.

"ಗೊತ್ತೈತ್ರಿ," ಎಂದರು ಡಾಕ್ಟರ್ ಗಂಗಾಂಬಿಕಾ. "ಅವತ್ತ ನಿಮ್ಮನ್ನ ಹೊರಗ ಕಳಿಸಿದ್ದು ಸಾವಕ್ಕಾರ ಕಾಲ ಹಿಡಿಯಾಕ."