ಆಚೆ ದಡದ ಪದಕ

"ಇದು ನಂಗೆ ಬೇಡ. ವಾಪಸ್ ತಗೊಂಡು ಹೋಗಿ."

ಫ್ಯೋಕ್ಲಾ ಪದಕದ ಡಬ್ಬಿಯನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದಳು. ಸಾಮೂಹಿಕ ಬೇಸಾಯದ ಕ್ಲಬ್ಬಿನಲ್ಲಿ ಕಿಕ್ಕಿರಿದಿದ್ದ ಹಳ್ಳಿಯ ಜನರ ಚಪ್ಪಾಳೆ ಅರ್ಧಕ್ಕೇ ನಿಂತಿತು.

ಮೇಜರ್ ಲುಕಾಶಿನ್ ಗಲಿಬಿಲಿಗೊಳ್ಳಲಿಲ್ಲ. ಯುದ್ಧ ಮುಗಿದು ಇಪ್ಪತ್ತು ವರ್ಷ ದಾಟಿತ್ತು. ಆಗ ಮಂಜೂರಾಗಿ ಯಾರ ಕೈಗೂ ಸೇರದೆ ಉಳಿದ ಪದಕಗಳನ್ನು ಮನೆಯವರಿಗೆ ತಲುಪಿಸುವುದು ಜಿಲ್ಲಾ ಸೇನಾ ಕಚೇರಿಯಲ್ಲಿ ಅವನ ಕೆಲಸ. ಕೆಲವು ತಾಯಂದಿರು ಅಳುತ್ತಿದ್ದರು, ಕೆಲವರು ಬೈಯುತ್ತಿದ್ದರು. ಬೈಯುವವರ ಮೇಲೆ ಅವನಿಗೆ ಗೌರವ ಹೆಚ್ಚು.

"ತಡ ಆಯ್ತು, ಒಪ್ಕೋತೀನಿ ಅಮ್ಮ," ಎಂದ. "ಬೇರೆ ಪದಕ ಆಗಿದ್ರೆ ಮನೆಯವರಿಗೆ ಬರೀ ಪ್ರಮಾಣಪತ್ರ ಕೊಡ್ತಿದ್ವಿ. ಇದನ್ನ ನೀವೇ ಇಟ್ಕೋಬಹುದು. ನಿಮ್ಮ ಗೋರ್ದೇಯ್ ಅಂಥ ಕೆಲಸ ಮಾಡಿದ್ದಾನೆ."

ಆ ಕೆಲಸವನ್ನು ಅವನು ಆಗಷ್ಟೇ ಸಭೆಗೆ ಓದಿ ಹೇಳಿದ್ದ. ನಲವತ್ತಮೂರರ ಶರತ್ಕಾಲ. ಇದೇ ದೆಸ್ನಾ ನದಿ, ಊರಿನಿಂದ ತುಸು ಕೆಳಗೆ. ಒಂದೇ ಹಳ್ಳಿಯ ಇಬ್ಬರು ಹುಡುಗರು ತೆಪ್ಪದ ಮೇಲೆ ಮೆಷಿನ್‌ಗನ್ ಇಟ್ಟುಕೊಂಡು ನಸುಕಿನಲ್ಲಿ ನದಿಗಿಳಿದರು. ಜೊತೆಗಾರ ಅಂತಿಪ್ ಆಚೆ ದಡ ಮುಟ್ಟುತ್ತಿದ್ದಂತೆ ಸತ್ತ. ಗೋರ್ದೇಯ್ ಒಬ್ಬನೇ ಶತ್ರುವನ್ನು ತಡೆದು ನಿಲ್ಲಿಸಿದ. ಹಿಂದಿನಿಂದ ಇಡೀ ದಳ ನದಿ ದಾಟಿತು. ಗೋರ್ದೇಯ್‌ನ ಶವ ಸಿಗಲಿಲ್ಲ, ಹೊಳೆಯ ಪಾಲಾಗಿರಬೇಕು.

"ಗನ್ ಪಕ್ಕದಲ್ಲಿ ಯಾರ ಹೆಣ ಸಿಕ್ತು?" ಫ್ಯೋಕ್ಲಾ ಕೇಳಿದಳು.

"ಅಂತಿಪ್‌ದು."

"ಹಾಗಾದ್ರೆ ಗುಂಡು ಹಾರಿಸಿದ್ದೂ ಅವನೇ. ಪದಕ ಅವನ ತಾಯಿಗೆ ಕೊಡಿ. ಅಲ್ಲೇ ಕೂತಿದ್ದಾಳೆ ಪೆಲಾಗೇಯಾ."

"ಗನ್ ನಿಮ್ಮ ಮಗನ ಜವಾಬ್ದಾರಿ ಆಗಿತ್ತು. ದಳಪತಿ ಅದನ್ನ ನೋಡಿ ಶಿಫಾರಸು ಬರೆದ್ರು. ಆ ದಡದಲ್ಲಿ ನಡೆದದ್ದನ್ನ ಕಂಡು ಬದುಕಿ ಬಂದವರು ಒಬ್ರೂ ಇಲ್ಲ ಅಮ್ಮ. ನಿಮಗೆ ಹೇಗೆ ಗೊತ್ತಾಗ್ಬೇಕು?"

ಫ್ಯೋಕ್ಲಾ ಡಬ್ಬಿಯನ್ನು ಇನ್ನಷ್ಟು ದೂರ ತಳ್ಳಿದಳು.

ಹಿಂದಿನ ಸಾಲಿನಲ್ಲಿ ಹೆಂಗಸರು ಪಿಸುಗುಟ್ಟಿದರು. ಅವಳು ಇರುವುದೇ ಹಾಗೆ. ಯುದ್ಧದ ನಂತರ ಯಾರನ್ನೂ ಹೊಸ್ತಿಲು ದಾಟಿಸಿದವಳಲ್ಲ. ಮಗ ಕಾಣೆಯಾದ ಮೇಲೆ ಮನಸ್ಸೇ ಕಹಿಯಾಯಿತು, ಪಾಪ.

ಬೇಸಾಯ ಮಂಡಳಿಯ ಅಧ್ಯಕ್ಷ ಸಮಾಧಾನಕ್ಕೆಂದು ಎದ್ದ. "ಫ್ಯೋಕ್ಲಾ ಯೆಗೋರೊವ್ನಾ, ನಿಮ್ಮ ಮನೆ ಗೋಡೆಗೆ ಕಲ್ಲಿನ ಫಲಕ ಹಾಕಿಸ್ತೀವಿ. ವೀರ ಹುಟ್ಟಿ ಬೆಳೆದ ಮನೆ ಅಂತ. ಶಾಲೆ ಮಕ್ಕಳು ಹೂವು ತಂದಿಡ್ತಾರೆ."

"ನನ್ನ ಗೋಡೆ ಹತ್ರ ಯಾವನಾದ್ರೂ ಬಂದ್ರೆ ಕೈ ಮುರೀತೀನಿ."

ಯಾರೋ ನಕ್ಕರು. ಅವಳು ತಿರುಗಿ ನೋಡಿದಳು, ನಗು ಅಡಗಿತು. "ಇಪ್ಪತ್ತು ವರ್ಷ ಸುಮ್ನಿದ್ರಲ್ಲ," ಎಂದಳು ಮೇಜರನಿಗೆ. "ಇನ್ನೂ ಸುಮ್ನಿರೋಕೆ ಏನಾಗಿತ್ತು ನಿಮಗೆ? ಕಾಣೆಯಾದ ಅಂದ್ರಿ, ಸರಿ ಅಂದೆ. ಪಿಂಚಣಿ ಇಲ್ಲ ಅಂದ್ರಿ, ಅದಕ್ಕೂ ಸರಿ ಅಂದೆ. ಏನಾದ್ರೂ ಕೇಳಿದ್ನಾ ನಾನು? ನಿಮ್ಮ ಬಾಗಿಲಿಗೆ ಬಂದಿದ್ನಾ?"

ಮೇಜರ್ ತಲೆ ತಗ್ಗಿಸಿದ. ಅವಳ ಪ್ರತಿ ಮಾತೂ ನ್ಯಾಯವೆಂದೇ ಅವನಿಗೆ ಕಂಡಿತು.

ಆಗ ಪೆಲಾಗೇಯಾ ಮುಂದೆ ಬಂದಳು. ಬೀದಿಯ ಆ ಕೊನೆಯ ಮನೆಯವಳು, ಹಾಲು ಕರೆದು ಕರೆದು ಬೆರಳು ಸೊಟ್ಟಗಾದವಳು. ಮಗ ಸತ್ತ ಸುದ್ದಿ ಬಂದಾಗ ಫ್ಯೋಕ್ಲಾಳ ಬೇಲಿಯಾಚೆ ನಿಂತು ಅವಳಿಗೆ, 'ನಿನ್ನವನು ಕಾಣೆಯಷ್ಟೇ, ನಂಬಿಕೆ ಬಿಡಬೇಡ' ಎಂದು ಧೈರ್ಯ ಹೇಳಿದವಳು. ಇವತ್ತಿಗೆಂದು ಒಗೆದು ಇಸ್ತ್ರಿ ಮಾಡಿದ ಬಿಳಿ ವಸ್ತ್ರ ತಲೆಗೆ ಕಟ್ಟಿದ್ದಳು. ಡಬ್ಬಿಯೊಳಗಿನ ಪದಕವನ್ನು ನೋಡಿದಳು, ಮುಟ್ಟಲಿಲ್ಲ.

"ತಗೋ ಫ್ಯೋಕ್ಲಾ. ನಿನ್ನ ಮಗ ಗಳಿಸಿದ್ದು," ಎಂದಳು. ಆಮೇಲೆ ಮೇಜರನ ಕಡೆ ತಿರುಗಿದಳು. "ಒಂದು ಮಾತು ಕೇಳ್ಲಾ ಸ್ವಾಮಿ? ನಮ್ಮ ಅಂತಿಪ್ ಅಲ್ಲಿ ಏನೂ ಮಾಡ್ಲೇ ಇಲ್ವಾ? ಹೆದರಿಬಿಟ್ಟಿದ್ನಾ?"

"ಹಾಗಲ್ಲ ಅಮ್ಮ, ಅವನು ಮೊದಲೇ..."

"ಹೋಗ್ಲಿ ಬಿಡಿ. ನಾಳೆ ಊರು ಕೇಳುತ್ತಲ್ಲ, ಅದಕ್ಕೆ ಕೇಳ್ದೆ."

ಫ್ಯೋಕ್ಲಾಳ ಮುಖ ಬೂದಿಬಣ್ಣಕ್ಕೆ ತಿರುಗಿತು. ಆಮೇಲೆ ಡಬ್ಬಿಯನ್ನು ಕಿತ್ತುಕೊಂಡಂತೆ ಎತ್ತಿಕೊಂಡಳು. "ಬನ್ನಿ ಮೇಜರ್. ಮನೆಗೆ ಬನ್ನಿ. ಅಲ್ಲೇ ಕೊಡಿ. ನೀನೂ ಬಾ ಪೆಲಾಗೇಯಾ, ನೀನೇ ಮೊದಲು ಬರ್ಬೇಕು."

ಕೊನೆಗೂ ಕರಗಿದಳೆಂದುಕೊಂಡು ಮೇಜರ್ ಟೋಪಿ ಎತ್ತಿಕೊಂಡ. ಮಗನ ಫೋಟೊದ ಕೆಳಗೆ ಪದಕ ಇಡಿಸುವಳೇನೋ. ಅನೇಕರು ಹಾಗೆ ಮಾಡಿಸುತ್ತಿದ್ದರು. ಅಧ್ಯಕ್ಷನೂ ಹಿಂದೆ ಬಂದ. ಕೆಸರು ಬೀದಿಯಲ್ಲಿ ಫ್ಯೋಕ್ಲಾ ಎಲ್ಲರಿಗಿಂತ ಮುಂದೆ ಬಿರುಸಾಗಿ ನಡೆದಳು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಮನೆಯಲ್ಲಿ ಫೋಟೊ ಇರಲಿಲ್ಲ. ಒಲೆ, ಮೇಜು, ಮೂಲೆಯಲ್ಲೊಂದು ಭಾರದ ಮರದ ಪೆಟ್ಟಿಗೆ, ಅಷ್ಟೇ. ಮೇಜರ್ ಸಹಾಯಕ್ಕೆ ಬಗ್ಗುವಷ್ಟರಲ್ಲಿ ಅವಳೇ ಆ ಪೆಟ್ಟಿಗೆಯನ್ನು ಬದಿಗೆ ತಳ್ಳಿ, ಅದರಡಿಯ ನೆಲದ ಹಲಗೆಯನ್ನು ಎತ್ತಿ ಗೋಡೆಗೆ ಬಡಿದಳು.

"ಮೇಲೆ ಬಾರೋ ಗೋರ್ದೇಯ್. ಅಂತಿಪ್ ಹೇಗೆ ಸತ್ತ ಅಂತ ಅವನಮ್ಮನಿಗೆ ನೀನೇ ಹೇಳು."