ವಾಪಸು ಬಂದ ಸೈಕಲ್

ಮುನಿಕೃಷ್ಣ ತಾನೇ ಬೆಸುಗೆ ಹಾಕಿ, ಬಣ್ಣ ಬಳಿದು ಜರ್ಮನಿಗೆ ಕಳಿಸಿದ್ದ ಸೈಕಲ್ ವಾಪಸು ಬಂದಿತ್ತು. ಅಲ್ಲಿಯ ಸುಂಕ ಎಷ್ಟೆಂದು ಕಿವಿಗೆ ಬಿದ್ದದ್ದೇ ತಡ, ಗಿರಾಕಿ ಬೇಡವೇ ಬೇಡ ಎಂದುಬಿಟ್ಟಿದ್ದ. ಹೋಗಿಬರುವ ಸಾಗಣೆಯ ಖರ್ಚೆಲ್ಲ ಮುನಿಕೃಷ್ಣನ ತಲೆಗೇ ಬಿತ್ತು. ಸಾಲದ್ದಕ್ಕೆ ಈಗ ಬೆಂಗಳೂರಿನ ಕಸ್ಟಮ್ಸ್ ಕಚೇರಿಯಲ್ಲೂ ಸುಂಕ ಕಟ್ಟು ಎನ್ನುತ್ತಿದ್ದಾರೆ.

“ಇದು ಫಾರಿನ್ ಮಾಲಲ್ಲ ಮೇಡಂ. ಇಲ್ಲೇ ಮಾಗಡಿ ರೋಡಲ್ಲಿ ನಾನೇ ಮಾಡಿದ್ದು,” ಎಂದು ಅಂಗಲಾಚಿದ.

ಮಹಿಳಾ ಅಧಿಕಾರಿ ಬಗ್ಗಿ ಸೈಕಲ್ಲಿನ ಮೇಲಿದ್ದ ಹೆಸರು ಓದಿದರು. “ಮೊನಿಕ್ರೀನೋ ಅಂತಿದೆಯಲ್ರೀ?”

“ಅದು ನನ್ನ ಹೆಸರೇ ಮೇಡಂ. ಮುನಿಕೃಷ್ಣ ಅಂತ ಬರೆದ್ರೆ ಯಾರೂ ಮೂಸಿ ನೋಡಲ್ಲ, ಅದಕ್ಕೇ ಚೂರು ತಿರುಚಿದೆ.”

“ನಾನು ನಂಬೋದು ಹೇಗೆ?”

“ಒಂದ್ಸಲ ಅಂಗಡಿಗೆ ಬನ್ನಿ. ನಿಮ್ಮೆದುರಿಗೇ ಇಂಥದ್ದು ಇನ್ನೊಂದು ಮಾಡಿ ತೋರಿಸ್ತೀನಿ.”

“ಬಂದಿದ್ದೆ, ಮಗಳಿಗೆ ಸೈಕಲ್ ಕೊಡಿಸೋಕೆ,” ಎಂದರು ಅಧಿಕಾರಿ. “ಇಟಲಿಯಿಂದ ತರಿಸಿದ್ದು, ಕಸ್ಟಮ್ಸ್‌ನವರು ಸುಂಕ ಸುಲೀತಾರೆ, ಒಂದು ರೂಪಾಯೂ ಬಿಡೋಕಾಗಲ್ಲ ಅಂತ ನೀವೇ ಅಲ್ವಾ ಅವತ್ತು ಹೇಳಿದ್ದು?”