ಸುಳಿ ನೋಡಿ ಕೊಂಡ ಲಾರಿ

ಕಾದ ತೊಗಲಿನ ವಾಸನೆ ಬಂದರೆ ಈಗಲೂ ಯುದ್ಧಕಾಲದಲ್ಲಿ ನಮ್ಮೂರು ಬಿಳಿಚೋಡಿನ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ. ಅಜ್ಜನ ಕಿರಿಮಗ, ನಮ್ಮ ಚಿಕ್ಕಪ್ಪ, ಸತ್ತಂದಿನಿಂದ ಅವನ ಕಾರು ಅಂಗಳದಲ್ಲೇ ನಿಂತಿತ್ತು. ಅದನ್ನು ಪೇಟೆಗೆ ಎಳೆದೊಯ್ದು ಮಾರಲು ಹಳೆಯ ಲಾರಿಯೊಂದು ಬೇಕಿತ್ತು. ದಲ್ಲಾಳಿ ಎರಡು ಲಾರಿ ತರಿಸಿದ್ದ. ಎತ್ತು ಕೊಳ್ಳುವಾಗ ಸುಳಿ ನೋಡುವಂತೆ ಅಜ್ಜ ಎರಡರ ಮೈಮೇಲೂ ಅಂಗೈ ಆಡಿಸಿ, ಒಂದರ ಬಳಿ ನಿಂತ.

“ಅದು ಬ್ಯಾಡ್ರೀ, ಅದರ ಮಾಲೀಕ್ರು ತೀರ್ಕೊಂಡಾರೆ. ಆಮ್ಯಾಲೆ ನನ್ನ ಅನ್ನಬಾರ್ದು,” ಎಂದ ದಲ್ಲಾಳಿ.

“ಹಂಗಾದ್ರೆ ಅದೇ ಇರ್ಲಿ. ಜೋಡಿ ಹೊಂದತೈತೆ,” ಎಂದ ಅಜ್ಜ.

ಲಾರಿಗೂ ಕಾರಿಗೂ ಹಗ್ಗ ಬಿಗಿದಾಯಿತು. ಅಜ್ಜ ಕಾರಿನ ಬಾಗಿಲು ತೆರೆದಾಗ ಬಿಸಿಲಿಗೆ ಕಾದ ತೊಗಲಿನ ವಾಸನೆ ಮುಖಕ್ಕೆ ಬಡಿಯಿತು. ಖಾಲಿ ಸೀಟಿನತ್ತ ಬಗ್ಗಿ ಅವನು, “ಇನ್ನು ಇಳಿಯಪ್ಪ, ಗಾಡಿ ಹೊರಡತೈತೆ,” ಎಂದ.

ಬಾಗಿಲಿಗೆ ಅಡ್ಡ ನಿಂತಿದ್ದ ನಾನು ದಾರಿ ಬಿಟ್ಟು ಸರಿದೆ.